ಕವಿಗೆ ಐದು ನಿಮಿಷ, ಲೇಖಕಿಗೆ ಅದೇ ಪ್ರಶ್ನೆ

ಬೆಂಗಳೂರು ಸಾಹಿತ್ಯ ಉತ್ಸವ 2012ರಲ್ಲಿ ಆರಂಭವಾದಾಗ ‘ಇದು ಇಂಗ್ಲಿಷಿನವರ ಜಾತ್ರೆ’ ಎಂದು ಮೂಗು ಮುರಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಮಾತಿನಲ್ಲಿ ಅರ್ಧ ಸತ್ಯವಿತ್ತು. ಆದರೆ ಟಿಕೆಟ್ಟಿಲ್ಲದೆ ಯಾರು ಬೇಕಾದರೂ ಒಳಹೋಗಬಹುದಾದ ಜಾತ್ರೆಯನ್ನು ಹೊರಗೆ ನಿಂತು ಬೈಯುವುದಕ್ಕಿಂತ, ಒಳಗಿನ ವೇದಿಕೆಗಳಲ್ಲಿ ನಡೆಯುವುದೇನು ಎಂದು ವಿಚಾರಿಸುವುದು ಮೇಲು.

ಇಂಥ ಉತ್ಸವಗಳಲ್ಲಿ ಲೇಖಕರ ಸಂವಾದಕ್ಕೆ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ಮುಕ್ಕಾಲು ಗಂಟೆ, ಎರಡು ಕುರ್ಚಿ, ಪುಸ್ತಕವನ್ನು ಹೊಗಳುವ ಒಬ್ಬ ನಿರೂಪಕ, ಕೊನೆಗೆ ಪ್ರಶ್ನೆಗಳು, ಆಮೇಲೆ ಹಸ್ತಾಕ್ಷರದ ಸಾಲು. ಇದರಲ್ಲಿ ಪುಸ್ತಕದ ಒಂದು ಪುಟವನ್ನಾದರೂ ಲೇಖಕರ ಬಾಯಿಂದ ಕೇಳುವ ಅವಕಾಶ ಅಪರೂಪ. ಬರೆದವರು ಮಾರಾಟವಾಗುತ್ತಾರೆ, ಬರಹ ಅವರ ಹಿಂದೆ ನಿಂತಿರುತ್ತದೆ.

ಲೇಖಕಿ ಮುಸ್ಲಿಮಳಾದರಂತೂ ಕೇಳುವುದೇ ಬೇಡ. ಬುರ್ಖಾ, ಫತ್ವಾ, ತಲಾಖ್ ಈ ಮೂರು ನಿಲ್ದಾಣಗಳಲ್ಲಿ ನಿಲ್ಲದೆ ಆ ಗಾಡಿ ಮುಂದೆ ಹೋಗುವುದಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದ ಕೃತಿಯೊಂದಕ್ಕೆ ಈ ಗೌರವ ಸಿಕ್ಕಿದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಸಿಕ್ಕಿದ್ದೂ ಮೊದಲು. ಬಾನು ಅವರ ಕನ್ನಡದಲ್ಲಿ ಮನೆಮಾತಿನ ದಖನಿ, ಉರ್ದು, ನಮಾಜಿನ ಅರಬಿ ಒಂದಕ್ಕೊಂದು ತಾಗಿಕೊಂಡು ಬದುಕುತ್ತವೆ. ದೀಪಾ ಅವರು ಆ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರೆ ಕೂರಿಸದೆ, ಅಡಿಟಿಪ್ಪಣಿಯ ಊರುಗೋಲನ್ನೂ ಕೊಡದೆ ಇಂಗ್ಲಿಷಿಗೆ ಒಯ್ದರು. ಒಂದು ಇಡೀ ಗೋಷ್ಠಿಗೆ ಸಾಲುವಷ್ಟು ಸರಕು ಇದು. ಅಲ್ಲಿಗೆ ಹೋಗದೆ ‘ನಿಮ್ಮ ಸಮುದಾಯ ನಿಮ್ಮನ್ನು ಹೇಗೆ ನೋಡುತ್ತದೆ’ ಎಂಬಲ್ಲಿಗೇ ಮತ್ತೆ ಮತ್ತೆ ಬಂದು ನಿಲ್ಲುವ ಪ್ರಶ್ನೆ, ನಾಲ್ಕು ದಶಕ ಕಥೆ ಬರೆದವರನ್ನು ಬರೀ ಸಾಕ್ಷಿದಾರರನ್ನಾಗಿ ಮಾಡುತ್ತದೆ. ಆ ಪ್ರಶ್ನೆ ತಪ್ಪಲ್ಲ, ಅವರ ಬದುಕಿನಲ್ಲಿ ಅದಕ್ಕೆ ಕಾರಣಗಳೂ ಇವೆ. ಅದೊಂದೇ ಪ್ರಶ್ನೆಯಾಗುವುದು ತಪ್ಪು.

ಕವಿತೆಯ ಪಾಡು ಬೇರೆ. ಇಲ್ಲಿ ಬರಹವೇ ವೇದಿಕೆ ಏರುತ್ತದೆ, ಆದರೆ ಸಮಯ ಸಿಗುವುದಿಲ್ಲ. ಒಬ್ಬರಿಗೆ ಐದು ನಿಮಿಷ, ಅದರಲ್ಲಿ ಪರಿಚಯಕ್ಕೆ ಎರಡು. ನಮ್ಮ ಕವಿಗೋಷ್ಠಿಗಳೂ ಇದಕ್ಕೆ ಹೊರತಲ್ಲ ಬಿಡಿ. ತನ್ನ ಸರದಿ ಮುಗಿದ ಕೂಡಲೇ ಚಪ್ಪಲಿ ಹುಡುಕುವ ಕವಿಯನ್ನು ದಸರೆಯಿಂದ ತಾಲೂಕು ಸಮ್ಮೇಳನದವರೆಗೆ ಎಲ್ಲೆಡೆ ಕಾಣಬಹುದು. ಮುಶಾಯಿರಾದಲ್ಲಿ ಹಾಗಲ್ಲ. ಕಿರಿಯರು ಮೊದಲು, ಹಿರಿಯರು ಕೊನೆಗೆ. ಅಲ್ಲಿಯವರೆಗೆ ಹಿರಿಯರು ಕೂತು ಕೇಳಲೇಬೇಕು. ಸಾಲು ಹಿಡಿಸಿದರೆ ಸಭೆ ‘ಮುಕರ್ರರ್’ ಎನ್ನುತ್ತದೆ, ಕವಿ ಮತ್ತೆ ಓದುತ್ತಾನೆ. ಚಪ್ಪಾಳೆಗಾಗಿಯೇ ಬರೆಯುವ ಚಟ ಅಲ್ಲಿಂದಲೇ ಹುಟ್ಟಿದೆ ಎಂಬ ದೂರೂ ಸುಳ್ಳಲ್ಲ. ಆದರೂ ಕೇಳುಗನಿಗೆ ಒಂದು ಕೆಲಸವಿದೆ. ಉತ್ಸವದ ಡೇರೆಯಲ್ಲಿ ಅವನಿಗೆ ಮೊಬೈಲ್ ಎತ್ತುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

2015ರ ಪ್ರಸಂಗ ನೆನಪಿಸಿಕೊಳ್ಳಿ. ಕಲಬುರ್ಗಿಯವರ ಹತ್ಯೆಯ ನಂತರ ಸಾಹಿತಿಗಳು ಪ್ರಶಸ್ತಿ ಹಿಂದಿರುಗಿಸುವುದನ್ನು ಟೀಕಿಸಿ ಉತ್ಸವದ ನಿರ್ದೇಶಕ ವಿಕ್ರಮ್ ಸಂಪತ್ ಬರೆದರು. ಅದನ್ನು ವಿರೋಧಿಸಿ ಕವಿ ಆರಿಫ್ ರಾಜಾ, ಟಿ.ಕೆ. ದಯಾನಂದ, ಓ.ಎಲ್. ನಾಗಭೂಷಣ ಸ್ವಾಮಿ ಹಿಂದೆ ಸರಿದರು. ಸಂಪತ್ ಸ್ಥಾನ ಬಿಟ್ಟರು. ಕನ್ನಡದವರ ಗೈರುಹಾಜರಿಗೂ ತೂಕವಿದೆ ಎಂದು ನಗರಕ್ಕೆ ಆಗ ಗೊತ್ತಾಯಿತು. ಆದರೆ ಸುದ್ದಿಯಾದದ್ದು ಆರಿಫ್ ಬಾರದಿದ್ದುದು. ಬಂದಿದ್ದರೆ ಏನು ಓದುತ್ತಿದ್ದರು ಎಂದು ಪತ್ರಿಕೆಗಳು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಉತ್ಸವದವರು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಎಂಟು ಕವಿಗಳನ್ನು ಸಾಲಾಗಿ ಕೂರಿಸುವ ಬದಲು ಇಬ್ಬರಿಗೆ ತಲಾ ಅರ್ಧ ಗಂಟೆ ಕೊಡಲಿ. ಹಿಂದಿನ ಪರದೆಯಲ್ಲಿ ಪ್ರಾಯೋಜಕರ ಹೆಸರಿನ ಜಾಗಕ್ಕೆ ಅನುವಾದ ಬರಲಿ. ಮೈಕು ಸರಿಯಿರಲಿ.