ಯಾರ ಮಾತು ಕೇಳಿ ನಗುತ್ತೇವೆ?

ರೇಡಿಯೋ ಹಾಸ್ಯಕ್ಕೆ ಮುಖವಿಲ್ಲ. ಟೋಪಿ, ಮೀಸೆ, ಕಣ್ಸನ್ನೆ ಯಾವುದೂ ಅಲ್ಲಿ ನೆರವಿಗೆ ಬರುವುದಿಲ್ಲ. ಪಾತ್ರವೊಂದು ಕೇಳುಗನ ಮನೆ ಸೇರುವುದು ದನಿ ಮತ್ತು ಭಾಷೆಯಿಂದ ಮಾತ್ರ. ಹಾಗಾಗಿ ಅಲ್ಲಿ ಯಾರ ಮಾತು ಕೇಳಿ ನಗುತ್ತೇವೆ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ.

ಬಿಬಿಸಿಯ ಇತಿಹಾಸವನ್ನೇ ನೋಡಿ. 1951ರಿಂದ 1960ರವರೆಗೆ ಪ್ರಸಾರವಾದ ‘ದಿ ಗೂನ್ ಶೋ’ ಬ್ರಿಟಿಷ್ ಹಾಸ್ಯದ ದಾರಿಯನ್ನೇ ಬದಲಿಸಿತು. ಅದರ ಮುಖ್ಯ ಲೇಖಕ ಸ್ಪೈಕ್ ಮಿಲಿಗನ್ ಹುಟ್ಟಿದ್ದು 1918ರಲ್ಲಿ, ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ. ಆ ಕಾರ್ಯಕ್ರಮದಲ್ಲಿ ಲಾಲ್‌ಕಾಕಾ, ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರು ಬರುತ್ತಿದ್ದರು. ಅವರಿಗೆ ದನಿ ಕೊಟ್ಟವರು ಬಿಳಿಯರು. ನಗು ಹುಟ್ಟುತ್ತಿದ್ದುದು ಬಹುಮಟ್ಟಿಗೆ ಅವರ ಇಂಗ್ಲಿಷಿನ ಧಾಟಿಯಿಂದ. 1996ರಲ್ಲಿ ಅದೇ ಬಿಬಿಸಿಯಲ್ಲಿ ‘ಗುಡ್‌ನೆಸ್ ಗ್ರೇಷಸ್ ಮೀ’ ಶುರುವಾಯಿತು. ಈಗ ಮೈಕಿನ ಮುಂದೆ ನಿಂತವರು ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್ ಮುಂತಾದ ಭಾರತೀಯ ಮೂಲದವರೇ. ಅವರು ಬಿಳಿಯರನ್ನೂ ಗೇಲಿ ಮಾಡಿದರು, ತಮ್ಮ ಮನೆಯವರನ್ನೂ ಬಿಡಲಿಲ್ಲ. ನಗೆಗೀಡಾಗಿದ್ದವರು ನಗಿಸುವವರಾದರು.

ನಮ್ಮಲ್ಲಿ ಏನಾಯಿತು? ಬೆಂಗಳೂರು ಆಕಾಶವಾಣಿ 1955ರಲ್ಲಿ ಆರಂಭವಾಯಿತು. ಎ.ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ ಎಂದೇ ಮನೆಮಾತಾದರು. ಪಾತ್ರದ ಹೆಸರೇ ಕಲಾವಿದನ ಹೆಸರಾಯಿತು. ಕೇಳುಗರು ಆ ದನಿಯನ್ನು ತಮ್ಮವನದೆಂದು ಭಾವಿಸದಿದ್ದರೆ ಇಂಥ ಪ್ರೀತಿ ಸಿಗುವುದಿಲ್ಲ.

ಆದರೆ ಕನ್ನಡದ ನಾಟಕ, ಸಿನಿಮಾ, ಮಿಮಿಕ್ರಿಗಳಲ್ಲಿ ಹಳೆಯ ಪಾತ್ರವೊಂದಿದೆ. ‘ನಮ್ದೂಕೆ’, ‘ನಿಮ್ದೂಕೆ’ ಎನ್ನುವ ಸಾಬಿ. ಬಾಯಿ ತೆರೆದರೆ ಸಾಕು, ಜನ ನಗುತ್ತಾರೆ. ಅವನಿಗೆ ಬೇರೆ ಗುಣವೂ ಬೇಕಿಲ್ಲ, ಬುದ್ಧಿಯೂ ಬೇಕಿಲ್ಲ.

ಮನೆಯಲ್ಲಿ ದಖ್ಖನಿ ಮಾತಾಡುವವರ ಕನ್ನಡದಲ್ಲಿ ಬೇರೆ ಧಾಟಿ ಇರುವುದು ನಿಜ. ತೆಲುಗು, ತಮಿಳು ಮನೆಮಾತಿನವರ ಕನ್ನಡಕ್ಕೂ ಅವರದೇ ಧಾಟಿಯಿದೆ. ದೊಡ್ಡಬಳ್ಳಾಪುರ, ಹೊಸಕೋಟೆಗಳ ಸಂತೆಯಲ್ಲಿ ಜನ ಪರಸ್ಪರ ಛೇಡಿಸುತ್ತಾರೆ, ನಗುತ್ತಾರೆ. ಅದರಲ್ಲಿ ತಪ್ಪಿಲ್ಲ, ಛೇಡಿಸಿಕೊಂಡವನಿಗೆ ಅಲ್ಲಿ ತಿರುಗೇಟು ಕೊಡುವ ಅವಕಾಶವಿದೆ. ಹಾಸ್ಯದ ಪಾತ್ರಕ್ಕೆ ಆ ಅವಕಾಶವನ್ನು ಲೇಖಕನೇ ಕೊಡಬೇಕು.

ಮುಸ್ಲಿಮರಿಗೆ ಹಾಸ್ಯ ತಿಳಿಯದೆಂದು ಯಾರೂ ಹೇಳಲಾರರು. ಬೀದರ್ ಜಿಲ್ಲೆಯ ಚಿಟಗುಪ್ಪದ ಸುಲೇಮಾನ್ ಖತೀಬ್ ಅದೇ ದಖ್ಖನಿಯಲ್ಲಿ ನಗಿಸುತ್ತಲೇ ಬಡವರ ಸಂಕಟವನ್ನು ಹೇಳಿದರು. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ‘ಕುರಿಗಳು ಸಾರ್ ಕುರಿಗಳು’ ಬರೆದು ಕನ್ನಡಿಗರು ತಮ್ಮನ್ನು ತಾವೇ ನೋಡಿ ನಗುವಂತೆ ಮಾಡಿದರು. ‘ನಮ್ದೂಕೆ’ ಸಾಬಿಯ ಪಕ್ಕದಲ್ಲಿ ಈ ದೇವನಹಳ್ಳಿಯ ಕನ್ನಡಿಗನನ್ನು ನಿಲ್ಲಿಸಿ ನೋಡಿ, ಆ ಪಾತ್ರ ಎಷ್ಟು ಬಡವಾಗಿದೆ ಎಂಬುದು ತಿಳಿಯುತ್ತದೆ.

ಆ ಪಾತ್ರವನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಅವನ ಕನ್ನಡ ಹೇಗೇ ಇರಲಿ, ಅವನ ಬಾಯಲ್ಲೂ ಒಂದು ಜಾಣಮಾತು ಇಡಿ. ಆಗ ಅವನನ್ನು ನೋಡಿ ನಗುವವರು ಅವನ ಜೊತೆಗೂಡಿ ನಗುತ್ತಾರೆ. ಹಾಸ್ಯಕ್ಕೆ ಇದಕ್ಕಿಂತ ದೊಡ್ಡ ಗೆಲುವು ಬೇರೆ ಏನಿದೆ?