ದಿಂಡಿಯ ಅಭಂಗವೂ ವೇದಿಕೆಯ ಅಭಂಗವೂ

ಆಷಾಢ ಶುದ್ಧ ಏಕಾದಶಿಗೆ ಪಂಢರಪುರವನ್ನು ಸೇರುವ ವಾರಕರಿಗಳ ದಿಂಡಿಯು ಭಜನೆಯ ತಂಡವೂ ಅಹುದು, ಸಂಚಾರದ ತಂಡವೂ ಅಹುದು. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳೊಡನೆಯೂ ದೇಹುವಿನಿಂದ ತುಕಾರಾಮರ ಪಾದುಕೆಗಳೊಡನೆಯೂ ಹೊರಟು, ಸುಮಾರು ಮೂರು ವಾರಗಳ ಕಾಲ ನಡೆಯುವ ಈ ಜನರು ಹಾದಿಯುದ್ದಕ್ಕೂ ಅಭಂಗಗಳನ್ನು ಹಾಡುತ್ತಾರೆ. ಅವೇ ಅಭಂಗಗಳನ್ನು 'ಸಂತವಾಣಿ' ಎಂಬ ಹೆಸರಿನಿಂದ ಗಾಯಕರು ತಮ್ಮ ಮೇಳವನ್ನು ಕಟ್ಟಿಕೊಂಡು ಊರೂರಿನ ವೇದಿಕೆಗಳಲ್ಲಿ ಹಾಡುವುದೂ ಉಂಟು. ಸಂಗೀತರಸಿಕರು ಮೊದಲನೆಯದನ್ನು ಭಕ್ತಿಯೆಂದು ಗೌರವಿಸುತ್ತಾರೆ. ಎರಡನೆಯದನ್ನು ಕಲೆಯೆಂದು ಮೆಚ್ಚುತ್ತಾರೆ. ಈ ವಿಭಾಗವು ಯುಕ್ತವಾದುದಲ್ಲ. ಅಭಂಗವೆಂಬ ಪದ್ಯಜಾತಿಯ ಕಲೆಯು ಪೂರ್ಣವಾಗಿ ತೋರುವುದು ದಿಂಡಿಯಲ್ಲಿಯೇ.

ಅದರ ಛಂದಸ್ಸನ್ನು ನೋಡಿದರೆ ಈ ಮಾತು ಸ್ಪಷ್ಟವಾದೀತು. ಸಂಸ್ಕೃತದ ವರ್ಣವೃತ್ತಗಳಲ್ಲಿ ಗುರುಲಘುಗಳ ಸ್ಥಾನವು ನಿಯತವಾಗಿದೆ. ಕನ್ನಡದ ಷಟ್ಪದಿ ರಗಳೆಗಳಿಗೆ ಮಾತ್ರಾಗಣಗಳ ಕಟ್ಟುಂಟು. ಅಭಂಗಕ್ಕೆ ಇವೆರಡೂ ಇಲ್ಲ, ಅಕ್ಷರಗಳ ಎಣಿಕೆಯೊಂದೇ. ದೊಡ್ಡ ಅಭಂಗದ ಪದ್ಯವೊಂದಕ್ಕೆ ನಾಲ್ಕು ಚರಣಗಳು; ಮೊದಲ ಮೂರರಲ್ಲಿ 6 ಅಕ್ಷರಗಳಂತೆ, ಕೊನೆಯದರಲ್ಲಿ 4; ಎರಡನೆಯ ಮತ್ತು ಮೂರನೆಯ ಚರಣಗಳಿಗೆ ಅಂತ್ಯಪ್ರಾಸ. ಚಿಕ್ಕ ಅಭಂಗದಲ್ಲಿ 8 ಅಕ್ಷರಗಳ ಎರಡು ಚರಣಗಳು. ಹ್ರಸ್ವವನ್ನು ಎಳೆದರೂ ದೀರ್ಘವನ್ನು ಮೊಟಕುಮಾಡಿದರೂ ಛಂದೋಭಂಗವಾಗದು. ಮನೆಯಲ್ಲಿ ಕುಳಿತು ಓದುವ ಪಂಡಿತನಿಗೆ ಇದು ಸಡಿಲವಾದ ರಚನೆಯಾಗಿ ಕಾಣುವುದು ಸಹಜ. ಆದರೆ ಹೆಗಲಿಗೆ ಗಂಟು ಹಾಕಿಕೊಂಡು ಮಳೆಗಾಲದ ಕೆಸರಿನಲ್ಲಿ ನಡೆಯುವವನ ಉಸಿರು ಹೆಜ್ಜೆಹೆಜ್ಜೆಗೂ ಬೇರೆ. ಎಳೆಯಲೂ ಮೊಟಕಿಸಲೂ ಎಡೆಯಿರುವ ಪದ್ಯವೇ ಅವನಿಗೆ ಬೇಕು. ಕೊನೆಯ ಚರಣದಲ್ಲಿ ಕೊರೆಯಾದ ಎರಡು ಅಕ್ಷರಗಳ ಜಾಗದಲ್ಲಿ ತಾಳಗಳು ನುಡಿಯುತ್ತವೆ, ಹಾಡುವವನು ಉಸಿರನ್ನು ತಂದುಕೊಳ್ಳುತ್ತಾನೆ. ಆ ಸಡಿಲವೇ ಇಲ್ಲಿ ಶಿಲ್ಪ.

ದಿಂಡಿಗೂ ತನ್ನದೇ ಆದ ಕ್ರಮವಿದೆ. ಮುಂದೆ ಕಾವಿಯ ಪತಾಕೆಗಳು, ಅವುಗಳ ಹಿಂದೆ ತಾಳ ಹಿಡಿದವರ ಸಾಲುಗಳು, ಜತೆಗೆ ಪಖವಾಜದವನು, ವೀಣೆಯನ್ನು ಹೊತ್ತವನು, ಅನಂತರ ತಲೆಯ ಮೇಲೆ ತುಲಸಿಯನ್ನಿರಿಸಿಕೊಂಡ ಸ್ತ್ರೀಯರು. ಬೆಳಗಿನ ಕಾಕಡಕ್ಕೆ ಬೇರೆ ಅಭಂಗಗಳು, ಸಂಜೆಯ ಹರಿಪಾಠಕ್ಕೆ ಬೇರೆ. (ಜ್ಞಾನೇಶ್ವರರ ಪಲ್ಲಕ್ಕಿಯ ಮುಂದೆ ಸಾಗುವ ಕುದುರೆಗಳು ಪ್ರತಿವರ್ಷವೂ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ ಬರತಕ್ಕವು, ಅವುಗಳಲ್ಲೊಂದರ ಮೇಲೆ ಯಾರೂ ಏರುವುದಿಲ್ಲ.) ಇಷ್ಟೆಲ್ಲ ಕ್ರಮವಿದ್ದರೂ ಇಲ್ಲಿ ಶ್ರೋತೃವೆಂಬವನಿಲ್ಲ. ಧ್ರುವಪದವನ್ನು ಒಬ್ಬನೆತ್ತಿದರೆ ಉಳಿದವರೆಲ್ಲರೂ ಹಿಂದಿರುಗಿ ನುಡಿಯುತ್ತಾರೆ, ಅಂಕಿತದ ಚರಣವನ್ನೂ ನುಡಿಯುತ್ತಾರೆ.

ಈ ಅಂಕಿತವೇ ಮುಖ್ಯವಾದುದು. ಹದಿನಾಲ್ಕನೆಯ ಶತಮಾನದ ಚೋಖಾಮೇಳನು ಮಹಾರ ಜಾತಿಯವನು. ದೇಗುಲದೊಳಕ್ಕೆ ಅವನಿಗೆ ಪ್ರವೇಶವಿರಲಿಲ್ಲ. ಅವನ ಸಮಾಧಿಯೂ ಮಹಾದ್ವಾರದ ಹೊರಗೇ ಇದೆ. ಸಾನೆ ಗುರೂಜಿಯವರ ಉಪವಾಸದ ಬಳಿಕ 1947ರಲ್ಲಿ ಆ ಬಾಗಿಲು ಹರಿಜನರಿಗೆ ತೆರೆಯಿತು. ಬಾಗಿಲು ಮುಚ್ಚಿದ್ದ ಅಷ್ಟು ಶತಮಾನಗಳಲ್ಲಿಯೂ ಚೋಖನ ಹೆಸರು ದಿಂಡಿಗಳ ಬಾಯಲ್ಲಿತ್ತು. 'ಇದನ್ನು ಹೇಳಿದವನು ಚೋಖ' ಎಂದು ಸಾವಿರ ಜನರು ಒಮ್ಮೆಗೇ ನುಡಿಯುವಾಗ ಆ ಸಂಕಟವು ಯಾರದೆಂಬುದು ಮರೆಯಾಗದು. ಹಾಗೆಂದು ದಿಂಡಿಯು ನಿರ್ದುಷ್ಟವೆಂದು ಹೇಳಲಾಗದು. ಇರಾವತಿ ಕರ್ವೆಯವರು ವಾರಿಯಲ್ಲಿ ತಾವೇ ನಡೆದು ಬರೆದ, ಇಂಗ್ಲಿಷಿನಲ್ಲಿ 1962ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಒಟ್ಟಾಗಿ ಹಾಡಿದವರೇ ಊಟಕ್ಕೆ ಜಾತಿಜಾತಿಯಾಗಿ ಬೇರೆ ಕುಳಿತುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಇನ್ನು ವೇದಿಕೆ. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಮರಾಠಿಯ ಸಂತವಾಣಿಯನ್ನೂ ಕನ್ನಡದ ದಾಸವಾಣಿಯನ್ನೂ ಒಂದೇ ಕಂಠದಿಂದ ಎರಡು ನಾಡುಗಳಿಗೂ ಕೇಳಿಸಿದರು. ಆ ಉಪಕಾರವು ಅಲ್ಪವಲ್ಲ; ಆ ನಾದದ ಮುಂದೆ ವಿಮರ್ಶೆಯು ತಲೆಬಾಗಲೇಬೇಕು. ಆದರೆ ಅನುಕರಿಸುವವರ ಮೇಳಗಳಲ್ಲಿ ನಾದವು ಸೊರಗಿ ರೂಢಿಯೊಂದೇ ಉಳಿದಿದೆ. ಧ್ರುವಪದದ ಒಂದು ಶಬ್ದಕ್ಕೆ ಹತ್ತು ನಿಮಿಷಗಳ ವಿಸ್ತಾರ. ನಡುವಣ ಚರಣಗಳಿಗೆ ಲೋಪ. ಅಂಕಿತವು ಚಪ್ಪಾಳೆಯೊಳಗೆ ಮುಳುಗಿಹೋಗುತ್ತದೆ. ರಾಗವು ನೆನಪಿನಲ್ಲಿದ್ದರೂ ಕವಿ ಯಾರೆಂದು ಕೇಳಿದರೆ ಸಭೆಯಿಂದ ಹೊರಬಂದವರಲ್ಲಿ ಉತ್ತರ ಹೇಳುವವರು ವಿರಳ.

ಕನ್ನಡದ ಮನೆಗಳಿಗೆ ಇದು ಹೊರಗಿನ ಮಾತಲ್ಲ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಹರಿದಾಸರು ಅಂಕಿತವಿಟ್ಟುಕೊಂಡುದು ಆ ಪಂಢರಿಯ ವಿಠಲನ ಹೆಸರನ್ನೇ. ತಂಬೂರಿ, ಚಿಪ್ಪಳಿ, ಗೆಜ್ಜೆಗಳೊಡನೆ ಬೀದಿಯಲ್ಲಿ ನಡೆದ ಅವರ ಪದಗಳಲ್ಲಿಯೂ ಈಗ ಕಛೇರಿಯ ಕೊನೆಗೆ ಪಲ್ಲವಿಯೂ ಒಂದು ಚರಣವೂ ಉಳಿದರೆ ಹೆಚ್ಚು. ಐದು ಚರಣಗಳ ಪದವನ್ನು ಐದೂ ಚರಣಗಳೊಡನೆ ಹಾಡಲು ಬೇಕಾಗುವ ಕಾಲವು ಒಂದು ತನಿ ಆವರ್ತನಕ್ಕಿಂತ ಹೆಚ್ಚಿನದೇನೂ ಅಲ್ಲ.