ಹರಾಜಿಗೆ ಬಾರದ ಮಾಸ್ತರು

ಬಿ.ಸಿ. ರಮೇಶ್ 2025ರಲ್ಲಿ ಪ್ರೊ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್ ತಂಡದ ಕೋಚ್ ಆದಾಗ ನಮ್ಮ ಕಡೆಯ ಕಬಡ್ಡಿ ಹುಚ್ಚರಲ್ಲಿ ಎರಡು ಬಣವಾದವು. ಕನ್ನಡದ ಮನುಷ್ಯ ಕೊನೆಗೂ ಮನೆಗೆ ಬಂದ ಎಂದು ಕುಣಿದವರು ಒಂದು ಕಡೆ. ಪುಣೇರಿ ಪಲ್ಟನ್‌ಗೆ 2024ರ ಮಾರ್ಚ್‌ನಲ್ಲಿ ಕಪ್ ಗೆಲ್ಲಿಸಿಕೊಟ್ಟವ ಅಂಥ ತಂಡ ಬಿಟ್ಟು ಬರುವುದೇ ಎಂದು ಹಣೆ ಹಣೆ ಬಡಿದುಕೊಂಡವರು ಇನ್ನೊಂದು ಕಡೆ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಾಗಲೂ ಕೋಚ್ ಇವರೇ. ಬುಲ್ಸ್‌ನಲ್ಲಿ ಇವರಿಗೆ ಸಿಕ್ಕ ಕುರ್ಚಿಯಲ್ಲಿ 2014ರ ಮೊದಲ ಸೀಸನ್‌ನಿಂದ ಕೂತಿದ್ದವರು ರಣಧೀರ್ ಸಿಂಗ್ ಸೆಹ್ರಾವತ್. ಹನ್ನೊಂದು ಸೀಸನ್ ಒಂದೇ ತಂಡ! ಲೀಗ್ ಕಬಡ್ಡಿಯಲ್ಲಿ ಇದು ಗಿನ್ನೆಸ್‌ಗೆ ಬರೆಯಬೇಕಾದ ಸಂಗತಿ.

ಕೋಚ್ ಯಾಕೆ ಹೋಗುತ್ತಾನೆ, ಯಾಕೆ ನಿಲ್ಲುತ್ತಾನೆ ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ದುಡ್ಡಿನ ಮಾತು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹುಡುಗರನ್ನು ಯಾರು ಆರಿಸುತ್ತಾರೆ, ಅವರು ಎಷ್ಟು ವರ್ಷ ಕೈಯಲ್ಲಿರುತ್ತಾರೆ ಎಂಬ ಎರಡು ಪ್ರಶ್ನೆ ಕೇಳಿದರೆ ಅರ್ಧಕ್ಕರ್ಧ ಉತ್ತರ ಸಿಕ್ಕಿಬಿಡುತ್ತದೆ. ಪುಣೆಯಲ್ಲಿ ರಮೇಶ್ ಕೈಗೆ ಸಿಕ್ಕದ್ದು ಬರೀ ಹರಾಜಿನ ಮಾಲಲ್ಲ. ಯುವ ಪಲ್ಟನ್ ಎಂಬ ತಂಡದ್ದೇ ಗರಡಿಯಲ್ಲಿ ಬೆಳೆಸಿದ ಅಸ್ಲಂ ಇನಾಮದಾರ್‌ನಂಥ ಹುಡುಗರೂ ಇದ್ದರು. 2022ರಲ್ಲಿ ಫೈನಲ್ ಸೋತ ತಂಡ ಮುಂದಿನ ಸೀಸನ್‌ನಲ್ಲಿ ಗೆದ್ದಿದ್ದರ ಹಿಂದೆ ಆ ಜೊತೆ ಬೆಳೆದ ಪರಿಚಯ ಇತ್ತೆಂದೇ ನನ್ನ ಲೆಕ್ಕ.

ಈಗ ಇಂಡಿ ತಾಲೂಕಿಗೆ ಬನ್ನಿ. ಸಾಲೋಟಗಿ ಸುತ್ತಿನ ಲಿಂಬೆ ತೋಟದವರ ಮಕ್ಕಳು ಓದುವ ಕಾಲೇಜುಗಳಲ್ಲಿ ಕಬಡ್ಡಿ ಕೋಚ್ ಎಂಬ ಹುದ್ದೆಯೇ ಇಲ್ಲ. ಇರುವವರು ಒಬ್ಬ ಫಿಸಿಕಲ್ ಡೈರೆಕ್ಟರು. ವಾಲಿಬಾಲ್, ಖೋಖೋ, ಓಟ, ಸ್ವಾತಂತ್ರ್ಯ ದಿನದ ಕವಾಯತು, ಪರೀಕ್ಷೆ ಕೋಣೆಯ ಮೇಲ್ವಿಚಾರಣೆ ಎಲ್ಲವೂ ಅವರ ತಲೆಗೇ. ಹುಡುಗರನ್ನು ಆರಿಸುವ ಅಧಿಕಾರವೂ ಇಲ್ಲ: ಬಿ.ಎ.ಗೋ ಬಿ.ಕಾಂ.ಗೋ ಹೆಸರು ಹಚ್ಚಿದವರಲ್ಲೇ ಏಳು ಮಂದಿ ಹುಡುಕಬೇಕು. ಮೂರು ವರ್ಷಕ್ಕೆ ಅವರೂ ಖಾಲಿ. ನನ್ನ ಎರಡೂ ಪ್ರಶ್ನೆಗೆ ಇಲ್ಲಿ ಉತ್ತರ ನಿರಾಶೆಯೇ, ಆದರೂ ಇವರು ಹೋಗುವುದಿಲ್ಲ.

ಒಂದು ಸಂಜೆ ಇಂಥ ಒಬ್ಬ ಸರ್ ಎಡಮೂಲೆಯ ಹುಡುಗನಿಗೆ ಕಾಲು ಹಿಡಿಯುವುದನ್ನು ಕಲಿಸುತ್ತಿದ್ದರು. ಟಿ.ವಿ.ಯಲ್ಲಿ ನೋಡಿದ ಹುಡುಗ ರೈಡರ್ ಒಳಗೆ ಬಂದ ಕೂಡಲೇ ಪಾದಕ್ಕೆ ಹಾರುತ್ತಿದ್ದ, ಬರಿಗೈಯಲ್ಲಿ ಮಣ್ಣು ತಿನ್ನುತ್ತಿದ್ದ. ಸರ್ ಅವನ ಗದ್ದ ಹಿಡಿದೆತ್ತಿ, “ಅವನ ಕಣ್ಣು ನೋಡಬ್ಯಾಡ, ಟೊಂಕ ನೋಡು. ಭಾರ ಯಾವ ಕಾಲಿನ ಮ್ಯಾಲ ಬಿತ್ತೋ ಅದು ತಕ್ಷಣ ಏಳಂಗಿಲ್ಲ. ಆಗ ಹಾಕು ಕೈ” ಎಂದರು. ಪಕ್ಕದ ಹುಡುಗನ ಕೈ ಬಿಡದೆ, ಅವನು ಅರ್ಧ ಹೆಜ್ಜೆ ಮುಂದೆ ಬಂದಾಗ ಇವನು ಅರ್ಧ ಹೆಜ್ಜೆ ಹಿಂದೆ. ಬೋನಸ್ ಗೆರೆಯ ಮೇಲೆ ಒಂದು ಚಪ್ಪಲಿ ಇಟ್ಟು, ಅದನ್ನು ದಾಟಿದ ರೈಡರ್‌ನ ಹಿಂದಿನ ಕಾಲು ನೆಲ ಬಿಟ್ಟಿದೆಯೋ ಇಲ್ಲವೋ ಎಂದು ತಾವೇ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದರು. ರಿಪ್ಲೇ ಕ್ಯಾಮೆರಾ ಇಲ್ಲದ ಊರಿನಲ್ಲಿ ಅದೇ ರಿಪ್ಲೇ.

ಲೀಗ್‌ನವರು ಕರೆದರೆ ಹೋಗುತ್ತೀರಾ ಅಂತ ಕೇಳಿದೆ.

“ಯಾಕ್ ಹೋಗಬಾರ್ದ್ರಿ? ಎರಡ್ ಮೂರ್ ತಿಂಗಳದ ಕೆಲಸ, ರಜಾ ಹಾಕಿ ಹೋಗೂದು. ಆದ್ರ ಅಷ್ಟರಾಗ ಇಂಟರ್ ಕಾಲೇಜ್ ಬರ್ತೈತಿ. ಇವರ ಕಾಲ ನೋಡಾಂವ ಯಾರ್ರಿ?”

ಪಿಂಚಣಿಯ ಆಸೆಗೆ ಕೂತಿದ್ದಾರೆ ಎನ್ನುವವರಿದ್ದಾರೆ. 2006ರ ಏಪ್ರಿಲ್‌ನಿಂದೀಚೆಗೆ ಸರ್ಕಾರಿ ಕೆಲಸಕ್ಕೆ ಸೇರಿದ ಬಹುತೇಕರಿಗೆ ಹಳೆಯ ಪಿಂಚಣಿಯೇ ಇಲ್ಲ. ಅವರೂ ಕೂತಿದ್ದಾರೆ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈ ಹೋಗುವುದು ನಿಲ್ಲುವುದು ಪ್ರತಿ ವರ್ಷದ ಪುರಾಣ. ಅಲ್ಲಿಯ ದೊಡ್ಡ ಕಾಲೇಜುಗಳು ಕೋಚ್‌ಗಳಿಗೆ ವೃತ್ತಿಪರ ತಂಡಗಳ ಸರಿಸಮ ಸಂಬಳ ಕೊಡುತ್ತವೆ, ಹಾಗಾಗಿ ಅಲ್ಲಿ ದುಡ್ಡಿನ ಮಾತು ಬದಿಗಿಟ್ಟು ನೋಡಬಹುದು. ನಿಕ್ ಸೇಬನ್ 2005ರಲ್ಲಿ ಕಾಲೇಜು ಬಿಟ್ಟು ಮಯಾಮಿಯ ವೃತ್ತಿಪರ ತಂಡಕ್ಕೆ ಹೋದರು. ಎರಡು ಸೀಸನ್‌ನಲ್ಲಿ 15 ಗೆಲುವು, 17 ಸೋಲು. 2007ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಬಂದವರು ಹದಿನೇಳು ವರ್ಷ ಅಲ್ಲಾಡಲಿಲ್ಲ, ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಕಾಲೇಜಿನಲ್ಲಿ ಹುಡುಗರ ಮನೆಬಾಗಿಲಿಗೆ ಹೋಗಿ ಅಪ್ಪ ಅಮ್ಮನನ್ನು ಒಪ್ಪಿಸಿ ಕರೆತರುವವರು ಕೋಚ್‌ಗಳೇ. ವೃತ್ತಿಪರ ಲೀಗ್‌ನಲ್ಲಿ ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಬೇಕು, ಕಳೆದ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. ಎಲ್ಲರಿಗೂ ಹೀಗೇ ಎಂದಲ್ಲ: ಪೀಟ್ ಕ್ಯಾರಲ್ 2010ರಲ್ಲಿ ಕಾಲೇಜು ಬಿಟ್ಟು ಸಿಯಾಟಲ್‌ಗೆ ಹೋಗಿ 2014ರಲ್ಲಿ ಸೂಪರ್ ಬೌಲ್ ಗೆದ್ದರು. ಜಿಮ್ ಹಾರ್ಬಾ 2024ರ ಜನವರಿಯಲ್ಲಿ ಮಿಶಿಗನ್‌ಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟು, ಅದೇ ತಿಂಗಳು ಲಾಸ್ ಏಂಜಲಿಸ್‌ನ ವೃತ್ತಿಪರ ತಂಡ ಸೇರಿದರು.

ನಮ್ಮ ರಾಹುಲ್ ದ್ರಾವಿಡ್ 2017ರಲ್ಲಿ ಎದುರಿಸಿದ್ದು ಇದೇ ಕವಲು. ಐ.ಪಿ.ಎಲ್. ತಂಡದ ಮಾರ್ಗದರ್ಶಕ ಸ್ಥಾನ ಮತ್ತು 19 ವರ್ಷದೊಳಗಿನವರ ಕೋಚ್ ಹುದ್ದೆ ಎರಡನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಅವರು ಡೆಲ್ಲಿ ಡೇರ್‌ಡೆವಿಲ್ಸ್ ಬಿಟ್ಟು ಹುಡುಗರ ಜೊತೆ ನಿಂತರು. ಮರುವರ್ಷ ಆ ಹುಡುಗರು ವಿಶ್ವಕಪ್ ಗೆದ್ದಾಗ ಮಂಡಳಿ ಅವರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ಘೋಷಿಸಿತು. ಇದು ಸರಿಯಲ್ಲ ಎಂದು ದ್ರಾವಿಡ್ ಪಟ್ಟು ಹಿಡಿದ ಮೇಲೆ ಎಲ್ಲರಿಗೂ 25 ಲಕ್ಷವಾಯಿತು. ತಮ್ಮ ಬಹುಮಾನವನ್ನು ಅರ್ಧಕ್ಕೆ ಇಳಿಸಿಕೊಳ್ಳಲು ಜಗಳ ಮಾಡಿದ ಇನ್ನೊಬ್ಬ ಕೋಚ್ ನನ್ನ ನೆನಪಿನಲ್ಲಂತೂ ಇಲ್ಲ.

ಇದ್ದಲ್ಲೇ ಇರಲು ಬಯಸಿದವರನ್ನೂ ನಾವು ಹೊರದಬ್ಬಿದ್ದುಂಟು. ನಾಸಿಕ್‌ನ ಶೈಲಜಾ ಜೈನ್ ದಶಕಗಳ ಕಾಲ ಹುಡುಗಿಯರಿಗೆ ಕಬಡ್ಡಿ ಕಲಿಸಿದವರು. ಭಾರತ ತಂಡದ ಕೋಚ್ ಆಗುವ ಆಸೆ ಕೈಗೂಡದಾಗ ಇರಾನ್ ಕರೆಯಿತು, ಹೋದರು. 2018ರ ಆಗಸ್ಟ್‌ನಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಇರಾನ್ ಹುಡುಗಿಯರು ನಮ್ಮವರನ್ನು 27-24ರಿಂದ ಸೋಲಿಸಿ ಚಿನ್ನ ಗೆದ್ದರು. ಅಂದು ಆಕೆಯನ್ನು ಬೈದವರು, ಆಕೆ ನಾಸಿಕ್‌ನಲ್ಲಿದ್ದಾಗ ಎಲ್ಲಿದ್ದರೋ.

ಲೀಗ್‌ನ ಹರಾಜು ನಡೆಯುವುದು ದನದ ಸಂತೆಯ ರೀತಿಯಲ್ಲಿ: ಹಲ್ಲು ನೋಡಿ, ಹೂಡಲು ಬಂದ ಎತ್ತಿಗೇ ಬೆಲೆ, ಕರು ಸಾಕಿದವನ ಹೆಸರು ಯಾರೂ ಕೇಳುವುದಿಲ್ಲ. 2014ರ ಮೊದಲ ಹರಾಜಿನಲ್ಲಿ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್‌ಗೆ ಬಿದ್ದದ್ದು 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.605 ಕೋಟಿ. ಪವನ್ ಬುಲ್ಸ್‌ನಲ್ಲಿದ್ದಾಗ, 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ಗಳಿಸಿದ ಆಟ ನೋಡಿದವರು ಈ ಬೆಲೆಗೆ ತಕರಾರು ತೆಗೆಯಲಾರರು. ನನ್ನ ತಕರಾರು ಬೇರೆ. ಇಷ್ಟು ಏರಿದ ದುಡ್ಡಿನಲ್ಲಿ ಮೊದಲ ಗುರುವಿನ ಪಾಲು ಎಂಬ ಕಾಲಮ್ಮೇ ಇಲ್ಲವಲ್ಲ!

ಸಾಲೋಟಗಿಯ ಹಿರಿಯರು ಆ ಕಾಲಮ್ಮನ್ನು ಕಂಬದ ಮೇಲೆ ಕೆತ್ತಿಸಿದ್ದರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ 945ರಲ್ಲಿ ಇಲ್ಲಿ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆ. ಮುಖ್ಯ ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ದೀಪದ ಖರ್ಚಿಗೇ ಬೇರೆ 12 ನಿವರ್ತನ. ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಅದರರ್ಧ. ರಾಜ ಕೊಟ್ಟನೆಂದು ಊರವರು ಕೈಕಟ್ಟಿ ಕೂರಲಿಲ್ಲ ಎಂಬುದು ನನಗೆ ಇಷ್ಟವಾದ ಭಾಗ. ಮೇಷ್ಟ್ರು ಊರಲ್ಲಿ ಉಳಿಯಬೇಕಾದರೆ ಹೊಲ, ಮನೆ, ಎಣ್ಣೆ ಮೂರೂ ಬೇಕೆಂದು ಅವರಿಗೆ ಗೊತ್ತಿತ್ತು.

ಜಗತ್ತಿನ ಫುಟ್‌ಬಾಲ್‌ಗೂ ಗೊತ್ತಾಗಿದೆ. ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ ಆ ಹಣದಲ್ಲಿ ಶೇ 5ರಷ್ಟನ್ನು, 12ನೇ ವಯಸ್ಸಿನಿಂದ 23ರವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. ಕಬಡ್ಡಿ ಹರಾಜಿಗೂ ಅದನ್ನು ತಂದರೆ, 2.605 ಕೋಟಿಯ ಒಬ್ಬ ಆಟಗಾರನಿಂದಲೇ 13 ಲಕ್ಷಕ್ಕೆ ಮೇಲೆ ಬರುತ್ತದೆ. ಆತ ಆಡಿ ಬೆಳೆದ ಶಾಲೆ ಕಾಲೇಜಿನ ಅಂಗಳಕ್ಕೆ ಅದರಲ್ಲಿ ಮ್ಯಾಟ್ ಹಾಸಬಹುದು, ದೀಪದ ಕಂಬ ನೆಡಬಹುದು. ಪ್ರಾಯೋಜಕರ ಹೆಸರು ಬರೆಯಲು ಆಟಗಾರನ ಚಡ್ಡಿಯ ಮೇಲೂ ಜಾಗ ಹುಡುಕುವ ಲೀಗ್‌ಗೆ ಈ ಒಂದು ಕಾಲಮ್ ಸೇರಿಸುವುದು ಕಷ್ಟವೇನಲ್ಲ.